ಹೊಳೆಯಲ್ಲಿ ನಿಂತು ಆಡಿದ ಮಾತು

ಆದವಾನಿಯ ಮಿಶನ್ನಿನಲ್ಲಿ ಬೋಧಕನಾಗಿದ್ದ ಜಂಬಪ್ಪನನ್ನು ಬೇಡ ಎಂದವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ. ಅದೇ ಅವನ ಕಷ್ಟವಾಗಿತ್ತು. ಬೈದು ಓಡಿಸಿದ್ದರೆ ಮಿಶನ್ನಿಗೆ ಬರೆದು ತಿಳಿಸಲು ಒಂದು ಸುದ್ದಿಯಾದರೂ ಸಿಗುತ್ತಿತ್ತು. ಆಸ್ಪರಿ ಕಡೆಯ ಹಳ್ಳಿಗಳಿಂದ ಹಿಡಿದು ತುಂಗಭದ್ರೆಯ ದಂಡೆಯ ನಾಗಲದಿನ್ನೆಯವರೆಗೆ ಜನ ಅವನನ್ನು ಕಂಡರೆ ಕಂಬಳಿ ಹಾಸಿ ಮಜ್ಜಿಗೆ ಕೊಡುತ್ತಿದ್ದರು. "ಮೊದ್ಲು ನಿನ್ನ ಕೆಲ್ಸ ಮುಗಿಸಿಬಿಡಪ, ಆಮ್ಯಾಲೆ ಉಣ್ಣೂನು" ಎನ್ನುತ್ತಿದ್ದರು. ಅವನ ಕೆಲಸವೆಂದರೆ ಯೇಸುಸ್ವಾಮಿಯ ಕಥೆ ಹೇಳುವುದು. ಅವನು ಹೇಳುತ್ತಿದ್ದ, ಅವರು ಕೇಳುತ್ತಿದ್ದರು, ಮುಗಿದ ಮೇಲೆ ಎಲ್ಲರೂ ಕೈತೊಳೆದು ಊಟಕ್ಕೆ ಕೂರುತ್ತಿದ್ದರು. ಅವನ ತಟ್ಟೆಯೊಂದು ಬೇರೆ ಇರುತ್ತಿತ್ತು, ಪ್ರೀತಿಯಲ್ಲೇನೂ ಬೇರೆ ಇರಲಿಲ್ಲ. ಆದರೆ ಆರು ವರ್ಷದಲ್ಲಿ ಒಬ್ಬನೇ ಒಬ್ಬನೂ ಹೊಳೆಯಲ್ಲಿ ಮುಳುಗಿ ಕ್ರೈಸ್ತನಾಗುವ ದೀಕ್ಷೆ ತೆಗೆದುಕೊಳ್ಳಲು ನೀರಿಗಿಳಿದಿರಲಿಲ್ಲ.

ಜಂಬಪ್ಪ ಹುಟ್ಟಿದ್ದು ಆಸ್ಪರಿಯ ಹತ್ತಿರದ ಒಂದು ಕುರುಬರ ಹಟ್ಟಿಯಲ್ಲಿ. ಊರೂರನ್ನೇ ಬಳಿದುಕೊಂಡು ಹೋದ ಆ ದೊಡ್ಡ ಜ್ವರದ ವರ್ಷ ಅಪ್ಪ ಅವ್ವ ಇಬ್ಬರೂ ಒಂದೇ ವಾರದಲ್ಲಿ ಹೋದರು. ಹನ್ನೆರಡು ವರ್ಷದ ಹುಡುಗ ಹೆಣಗಳ ಪಕ್ಕದಲ್ಲಿ ಜ್ವರದಲ್ಲೇ ಬಿದ್ದಿದ್ದ. ಬಂಧುಗಳು ಹೆದರಿ ಬಾಗಿಲಿಗೆ ಬರಲಿಲ್ಲ. ಮಿಶನ್ನಿನ ಮುದುಕಿಯೊಬ್ಬಳು ಬಂದು ಎತ್ತಿಕೊಂಡು ಹೋದಳು. ಮುಂದೆ ಅವನು ಮಿಶನ್ ಶಾಲೆಯಲ್ಲಿ ಓದಿದ, ತೆಲುಗು ಕಲಿತ, ಒಳ್ಳೆಯ ಗಂಟಲು ಇದ್ದುದರಿಂದ ಬೋಧಕನಾದ. ಈ ಜ್ವರದ ಸಂಗತಿಯನ್ನು ಮಾತ್ರ ಅವನು ಯಾವ ಹಳ್ಳಿಯಲ್ಲೂ ಹೇಳಿದವನಲ್ಲ. ಮಿಶನ್ ಕಲಿಸಿದ ಕಥೆಗಳ ಪಟ್ಟಿಯಲ್ಲಿ ಅದು ಇರಲಿಲ್ಲ ನೋಡಿ.

ಸಾವಿರದ ಒಂಬೈನೂರ ಮೂವತ್ತೆಂಟರ ಜನವರಿಯ ಒಂದು ಸೋಮವಾರ ಅವನಿಗೆ ದೊರೆಯ ಕಾಗದ ಬಂತು. ದೊರೆ ಎಂದರೆ ಮಿಶನ್ನಿನ ಬಿಳಿಯ ಪಾದ್ರಿ. ಕೆಟ್ಟ ಮನುಷ್ಯನಲ್ಲ. ಮದರಾಸಿನ ಪಂಡಿತರ ಹತ್ತಿರ ಒತ್ತು, ದೀರ್ಘ ಒಂದೂ ತಪ್ಪದ ಹಾಗೆ ತೆಲುಗು ಕಲಿತಿದ್ದ. ಹಾಗಾಗಿ ಈ ಕಡೆಯ ಹಳ್ಳಿಯವರಿಗೆ ಯಾರಿಗೂ ಅವನ ತೆಲುಗು ತಿಳಿಯುತ್ತಿರಲಿಲ್ಲ. ಕನ್ನಡ ಅವನಿಗೆ ಬರುತ್ತಲೇ ಇರಲಿಲ್ಲ. ಕಾಗದದಲ್ಲಿ ಹೀಗಿತ್ತು: ಕಡಲಾಚೆಯ ಹಿರಿಯರು ಖರ್ಚು ಇಳಿಸಿದ್ದಾರೆ, ಒಬ್ಬರಾದರೂ ದೀಕ್ಷೆ ಪಡೆಯದ ಕಡೆಯ ಬೋಧಕರ ಕೆಲಸ ಮಾರ್ಚಿ ಕೊನೆಗೆ ನಿಲ್ಲುತ್ತದೆ. ಬರುವ ಭಾನುವಾರ ನಾನು ನಾಗಲದಿನ್ನೆಯ ಹೊಳೆಗೆ ಬರುತ್ತೇನೆ. ಅಲ್ಲಿ ಯಾರಾದರೂ ಸಿದ್ಧರಿದ್ದರೆ ನನಗೆ ಬಹಳ ಸಂತೋಷವಾದೀತು.

ಹೆಂಡತಿ ಸುಂಕಲಮ್ಮ ಕಾಗದವನ್ನು ಎರಡು ಸಲ ಓದಿಸಿಕೊಂಡಳು. ಕೆಲಸ ಹೋದರೆ ಮಿಶನ್ ಕಾಂಪೌಂಡಿನ ಮನೆಯೂ ಹೋಗುತ್ತಿತ್ತು.

"ಆರು ವರ್ಷದಾಗ ಒಬ್ಬನೂ ಬರಲಿಲ್ಲ, ಆರು ದಿನದಾಗ ಬರ್ತಾನೇನು?" ಎಂದಳು. ಆಮೇಲೆ ರೊಟ್ಟಿ ಕಟ್ಟಿಕೊಡುತ್ತ, "ಇಲ್ಲಂದ್ರ ಹತ್ತಿ ಜಿನ್ನಿಂಗ್ ಮಿಲ್ಲು ಐತಿ. ಆದ್ರೂ ನೋಡು, ಕೇಳಿ ನೋಡು" ಎಂದಳು.

ಅವನು ಅದೇ ದಿನ ರೈಲು ಹತ್ತಿ ಆಸ್ಪರಿಗೆ ಹೋದ. ಹತ್ತಿ ಬಿಡಿಸುವ ಕಾಲ. ಹಳ್ಳಿಗಳಲ್ಲಿ ನಾಯಿಗಳನ್ನು ಬಿಟ್ಟರೆ ಮನೆಯಲ್ಲಿ ಯಾರೂ ಇರಲಿಲ್ಲ. ಮಂಗಳವಾರವೆಲ್ಲ ಹೊಲದ ಸಾಲುಗಳಲ್ಲಿ ಹೆಂಗಸರ ಜೊತೆ ತಾನೂ ಹತ್ತಿ ಬಿಡಿಸುತ್ತ ಕಥೆ ಹೇಳಿದ, ನಡುನಡುವೆ ಹಾಡಿದ. ಅವರಿಗೆ ಹಾಡು ಹಿಡಿಸಿತು. ಬುಧವಾರ ಬರಿಗೈಯಲ್ಲಿ ಆದವಾನಿಗೆ ಮರಳಿದ. ಗುರುವಾರ ಎಮ್ಮಿಗನೂರಿನ ತನಕ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದು, ಸಂಜೆಯ ಹೊತ್ತಿಗೆ ನಾಗಲದಿನ್ನೆಯಲ್ಲಿ ಉಚ್ಚೀರಪ್ಪನ ಹಟ್ಟಿ ಮುಟ್ಟಿದ.

ಉಚ್ಚೀರಪ್ಪ ಇನ್ನೂರು ಕುರಿಗಳ ಒಡೆಯ, ಐವತ್ತೈದು ದಾಟಿದವನು. ಇನ್ನೂರು ಕುರಿಗಳನ್ನೂ ಮುಖ ನೋಡಿ ಗುರುತಿಸುತ್ತಿದ್ದ. ಮನುಷ್ಯರ ಮಾತಿನ ಬಗ್ಗೆ ಅವನಿಗೆ ಅಷ್ಟು ನಂಬಿಕೆ ಇರಲಿಲ್ಲ. ಸಿಡುಬು ಬಾರದಂತೆ ದೇವಿ ಹಾಕುವ ಸರಕಾರಿಯವನು, ಹತ್ತಿ ದಲಾಲಿಯ ಆಳು, ಕೋರ್ಟಿನ ಅಮೀನ, ಎಲ್ಲರೂ ತಂತಮ್ಮ ಸಂಬಳದ ಮಾತು ಆಡುತ್ತಾರೆ, ಆಡಲಿ, ಪಾಪ, ಅವರಿಗೂ ಹೊಟ್ಟೆಯಿದೆ ಎನ್ನುತ್ತಿದ್ದ. ಜಂಬಪ್ಪನ ಕಥೆಯನ್ನೂ ಅದೇ ಲೆಕ್ಕಕ್ಕೆ ಸೇರಿಸಿ, ಆರು ವರ್ಷದಿಂದ ತಾಳ್ಮೆಯಿಂದ ಕೇಳಿದ್ದ. ಯೇಸುಸ್ವಾಮಿ ಹೇಳಿದ ಕಳೆದುಹೋದ ಕುರಿಯ ಕಥೆ ಬಂದಾಗ ಮಾತ್ರ ಅವನಿಗೆ ಸಿಟ್ಟು ಬರುತ್ತಿತ್ತು. ಒಂದರ ಸಲುವಾಗಿ ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಹುಡುಕಿಕೊಂಡು ಹೋದ ಕುರುಬನಿಗೆ ತಾನಾದರೆ ಒಂದು ಮರಿಯನ್ನೂ ಕಾಯಲು ಕೊಡುವುದಿಲ್ಲ ಎನ್ನುತ್ತಿದ್ದ.

ಆ ಸಂಜೆ ಜಂಬಪ್ಪ ಕಥೆ ಹೇಳಲಿಲ್ಲ, ಊಟಕ್ಕೂ ಏಳಲಿಲ್ಲ. ಉಚ್ಚೀರಪ್ಪನ ಹೆಂಡತಿ ಗಂಗಕ್ಕ ಗದರಿಸಿ ಕೇಳಿದ ಮೇಲೆ ಎಲ್ಲವನ್ನೂ ಹೇಳಿಬಿಟ್ಟ. ಉಚ್ಚೀರಪ್ಪ ಎಲ್ಲ ಕೇಳಿಸಿಕೊಂಡ.

ಶುಕ್ರವಾರ ಕುರಿ ತೊಳೆಯುವ ದಿನ. ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಹೊಳೆಯಲ್ಲಿ ಮುಳುಗಿಸಿ ತೊಳೆಯುವುದು ಅಲ್ಲಿಯ ವಾಡಿಕೆ. ಆಚೆ ದಡ ನಿಜಾಮರ ರಾಜ್ಯ, ಈಚೆ ದಡ ಕುಂಪಣಿ ಸರಕಾರದ್ದೆಂದು ಜನ ಇನ್ನೂ ಅನ್ನುತ್ತಿದ್ದರು. ನಡುವಿನ ನೀರು ಕುರಿಗಳದ್ದು. ಜಂಬಪ್ಪನೂ ಕೋಟು ಬಿಚ್ಚಿಟ್ಟು ನೀರಿಗಿಳಿದ. ಆಗ ಪಕ್ಕದ ಹಟ್ಟಿಯ ಮಾರೆಪ್ಪ ಬಂದು, ಉಚ್ಚೀರಪ್ಪನ ಹಿಂಡಿನಲ್ಲಿದ್ದ ಕಪ್ಪು ಮರಿಯೊಂದು ತನ್ನದೆಂದು ತಗಾದೆ ತೆಗೆದ. ದಡದಲ್ಲಿ ನಿಂತು ಕಾಲು ಗಂಟೆ ಬಾಯಿ ಮಾಡಿದ. ಉಚ್ಚೀರಪ್ಪ ದನಿ ಏರಿಸಲೇ ಇಲ್ಲ.

"ನೀರಾಗ ನಿಂತು ಹೇಳು. ತಗೊಂಡು ಹೋಗು" ಎಂದ.

ಮಾರೆಪ್ಪ ಧೋತರ ಎತ್ತಿಕಟ್ಟಿ ಇಳಿದ. ನೀರು ಮೀನಖಂಡಕ್ಕೆ ಬರುತ್ತಲೇ ನಿಂತ. ಸ್ವಲ್ಪ ಹೊತ್ತು ಹೊಳೆಯನ್ನೇ ನೋಡಿದ. "ನಂದಲ್ಲ ಬಿಡು" ಎಂದು ಹಿಂದಿರುಗಿದ. ಯಾರೂ ನಗಲಿಲ್ಲ. ಹೊಳೆತಾಯಿ ಗಂಗಮ್ಮನ ಮಡಿಲಲ್ಲಿ ನಿಂತು ಸುಳ್ಳಾಡುವುದು ಅಲ್ಲಿಯವರಿಗೆ ಆಗದ ಮಾತು. ಅಲ್ಲಿ ಎಷ್ಟೋ ಜಗಳಗಳು ಕೋರ್ಟಿಗೆ ಹೋಗದೆ ಮೊಣಕಾಲು ನೀರಿನಲ್ಲೇ ಮುಗಿದಿದ್ದವು. ಜಂಬಪ್ಪ ಇದನ್ನೆಲ್ಲ ನೋಡಿದ, ಚಿಕ್ಕಂದಿನಿಂದ ನೋಡಿದ್ದೇ ತಾನೆ ಎಂದು ಆಗಲೇ ಮರೆತ.

ಮಧ್ಯಾಹ್ನ ರೊಟ್ಟಿ ತಿನ್ನುವಾಗ ಉಚ್ಚೀರಪ್ಪ ತಾನಾಗಿ ಮಾತು ತೆಗೆದ. "ನಿಮ್ಮ ದೊರಿಗೆ ಹೇಳಿಕಳಿಸು, ನಾ ಮುಳುಗ್ತೀನಿ. ವರ್ಷಕ್ಕ ಎರಡು ಸಲ ಇನ್ನೂರು ಕುರಿ ಮುಳುಗಿಸ್ತೀನಿ. ನಾನೊಂದು ಸಲ ಮುಳುಗಿದ್ರ ಸವದು ಹೋಗ್ತೀನೇನು?"

"ನಮ್ಮ ಮನಿದೇವ್ರು ಬೀರಪ್ಪಗ ಏನ್ ಹೇಳ್ತಿ?" ಎಂದಳು ಗಂಗಕ್ಕ.

"ಅವನೂ ಕುರಿ ಕಾದಾವ. ಅವಗ ತಿಳೀತೈತಿ."

ಜಂಬಪ್ಪ ಬೇಡ ಎನ್ನಬೇಕಿತ್ತು. ಮನಸ್ಸಿನಲ್ಲಿ ಬೇಡ ಎಂದೇ ಇತ್ತು. ಆದರೆ ರೊಟ್ಟಿ ಕಟ್ಟಿಕೊಟ್ಟ ಸುಂಕಲಮ್ಮನ ಮುಖ ನೆನಪಾಯಿತು. ಸಂಜೆ ಎಮ್ಮಿಗನೂರಿಗೆ ಹೋಗುವ ಗಾಡಿಯವನ ಕೈಯಲ್ಲಿ ದೊರೆಗೆ ಚೀಟಿ ಕಳಿಸಿದ: ಒಬ್ಬರು ಸಿದ್ಧರಿದ್ದಾರೆ.

ಶನಿವಾರವೆಲ್ಲ ಪಾಠ. ದೊರೆ ಕೇಳುವ ಪ್ರಶ್ನೆ ಎರಡೇ: ನಂಬುತ್ತೀಯಾ, ಯಾಕೆ ನೀರಿಗಿಳಿದೆ. ಮೊದಲನೆಯದಕ್ಕೆ "ಮನಸಾರೆ ನಂಬೀನಿ" ಎನ್ನಬೇಕು, ಎರಡನೆಯದಕ್ಕೆ "ನನ್ನ ಪಾಪ ತೊಳಕೊಳ್ಳಾಕ" ಎನ್ನಬೇಕು. ಉಚ್ಚೀರಪ್ಪ ಬೇಲಿ ಕಟ್ಟುತ್ತ, ಕತ್ತರಿ ಮಸೆಯುತ್ತ ಬಾಯಿಪಾಠ ಮಾಡಿದ. ಮೊದಮೊದಲು ಎರಡನ್ನೂ ಅದಲು ಬದಲು ಮಾಡಿದ. ಸಂಜೆಗೆ ತಪ್ಪಿಲ್ಲದೆ ಒಪ್ಪಿಸಿದ, ಒಪ್ಪಿಸಿ ಹೆಮ್ಮೆಯಿಂದ ಗಂಗಕ್ಕನ ಕಡೆ ನೋಡಿದ. ಜಂಬಪ್ಪನಿಗೆ ಮಾತ್ರ ಅಳು ಬಂದಂತಾಯಿತು. ತನ್ನ ಪ್ರಾಣಕ್ಕಿಂತ ಹೆಚ್ಚೆಂದು ತಿಳಿದ ಮಾತನ್ನು ತಾನೇ ಒಬ್ಬ ಒಳ್ಳೆಯ ಮನುಷ್ಯನ ಬಾಯಿಗೆ ಸುಳ್ಳಾಗಿ ತುರುಕುತ್ತಿದ್ದ. ಆರು ವರ್ಷ ಒಬ್ಬರೂ ಬರಲಿಲ್ಲವೆಂದು ಅವನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ದೊರೆ ಎತ್ತಿನ ಗಾಡಿಯಲ್ಲಿ ಬಂದ. ಮುಖ ಸಂತೋಷದಿಂದ ಕೆಂಪಾಗಿತ್ತು. ಊರವರೆಲ್ಲ ದಡದಲ್ಲಿ ಕೂತಿದ್ದರು. ದೊರೆ, ಜಂಬಪ್ಪ, ಉಚ್ಚೀರಪ್ಪ ಮೂವರೂ ಸೊಂಟದ ಮಟ್ಟದ ನೀರಿಗೆ ಇಳಿದರು. ದೊರೆ ತನ್ನ ಪಂಡಿತರ ತೆಲುಗಿನಲ್ಲಿ ಮೊದಲ ಪ್ರಶ್ನೆ ಕೇಳಿದ. ಜಂಬಪ್ಪ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ. ಉಚ್ಚೀರಪ್ಪ ಬಾಯಿ ತೆರೆದ, ಹೊಳೆಯ ಕಡೆ ನೋಡಿದ, ಬಾಯಿ ಮುಚ್ಚಿದ.

"ಜಂಬಪ್ಪ, ನೀರಾಗ ಅದೀನಿ ನೋಡು" ಎಂದ. "ಆ ಮಾತು ಬರವಲ್ದು."

"ಮತ್ತ ಏನ್ ಬರ್ತೈತಿ?"

"ನಿಮ್ಮ ದೇವರು ಒಳ್ಳೇವನ ಇರಬೇಕು. ನನಗ ಗೊತ್ತಿಲ್ಲ. ನಿನ್ನ ಕೆಲ್ಸ ಹೋಗಬಾರದು ಅಂತ ಇಳಿದೀನಿ. ಆರು ವರ್ಷ ನಮ್ಮ ಮನಿಗೆ ಬಂದಿ. ಅಷ್ಟ."

ದೊರೆ ಜಂಬಪ್ಪನ ಕಡೆ ತಿರುಗಿ, ಅವನು ಏನೆಂದನೆಂದು ಕೇಳಿದ. ದಡದಲ್ಲಿದ್ದವರಿಗೆಲ್ಲ ಉಚ್ಚೀರಪ್ಪನ ಮಾತು ಕೇಳಿಸಿತ್ತು, ಆದರೆ ಅವರಲ್ಲಿ ಒಬ್ಬನೂ ದೊರೆಗೆ ಹೇಳುವವನಲ್ಲ. ಜಂಬಪ್ಪ ಎರಡು ಮಾತು ತೆಲುಗಿನಲ್ಲಿ ಆಡಿದ್ದರೆ ಕೆಲಸ ಉಳಿಯುತ್ತಿತ್ತು, ಮನೆ ಉಳಿಯುತ್ತಿತ್ತು, ದೊರೆಯೂ ನಗುತ್ತ ಹೋಗುತ್ತಿದ್ದ. ಸುಳ್ಳು ಎಲ್ಲಿ ಆಡಿದರೂ ಸುಳ್ಳೇ ಎಂದು ಅವನ ಧರ್ಮ ಹೇಳುತ್ತಿತ್ತು. ಅದನ್ನು ಕೇಳಿಕೊಂಡೇ ಅವನು ಹಿಂದಿನ ದಿನವೆಲ್ಲ ದಡದ ಮೇಲೆ ಸುಳ್ಳು ಕಲಿಸಿದ್ದ. ಈಗ ನೀರು ಸೊಂಟವನ್ನು ಹಿಡಿದುಕೊಂಡಿತ್ತು, ಅವನೊಳಗಿನ ಕುರುಬರ ಹುಡುಗ ಜಪ್ಪಯ್ಯ ಎಂದರೂ ಕದಲಲಿಲ್ಲ. ಅವನು ಉಚ್ಚೀರಪ್ಪ ಹೇಳಿದ್ದನ್ನೆಲ್ಲ ಹಾಗೆಯೇ ಹೇಳಿದ. ಉತ್ತರಗಳನ್ನು ಬಾಯಿಪಾಠ ಮಾಡಿಸಿದ್ದು ತಾನೆಂಬುದನ್ನೂ ಸೇರಿಸಿದ.

ದೊರೆಯ ಮುಖದ ಕೆಂಪು ಇಳಿಯಿತು. ಆಮೇಲೆ ಉಚ್ಚೀರಪ್ಪನ ಒದ್ದೆ ಕೈ ಹಿಡಿದು ಕುಲುಕಿದ. ಜಂಬಪ್ಪನಿಗೆ, "ಮೀರು ಸತ್ಯಮು ಪಲಿಕಿತಿರಿ" ಎಂದ. ನೀವು ನಿಜ ನುಡಿದಿರಿ ಎಂದು. ಕೆಲಸದ ವಿಷಯ ಅವನ ಕೈಯಲ್ಲಿರಲಿಲ್ಲ, ಅದು ಮೂವರಿಗೂ ತಿಳಿದಿತ್ತು. ಗಾಡಿ ಹೊರಟುಹೋಯಿತು.

ದಡ ಹತ್ತಿದ ಮೇಲೆ ಉಚ್ಚೀರಪ್ಪ ಸಿಟ್ಟಾದ. "ನನ್ನ ಬಾಯಿಗೆ ಬಂದಿದ್ದು ನಾ ಅಂದೆ. ನೀ ಯಾಕ ಹಂಗ ಹೇಳಿದಿ? ಆ ದೊರಿಗೇನು ತಿಳೀತಿತ್ತು?"

"ನಾನೂ ನೀರಾಗ ಇದ್ನೆಲ್ಲ" ಎಂದ ಜಂಬಪ್ಪ.

ಸುಂಕಲಮ್ಮ ಸುದ್ದಿ ಕೇಳಿ ಸ್ವಲ್ಪ ಹೊತ್ತು ಒಲೆ ಊದಿದಳು. ಹೊಗೆಗೋ ಏನೋ ಕಣ್ಣು ಒರೆಸಿಕೊಂಡಳು. "ಮಿಲ್ಲಿಗೆ ಬೆಳಿಗ್ಗೆ ಆರಕ್ಕ ಹೋಗಬೇಕಂತ. ಗಂಗಾಳ ಇಟ್ಟೀನಿ, ಉಣ್ಣು" ಎಂದಳು. ಗಂಡನನ್ನು ಅವಳು ಅದಕ್ಕಿಂತ ಹೆಚ್ಚು ಬೈಯಲೂ ಇಲ್ಲ, ಹೊಗಳಲೂ ಇಲ್ಲ.

ಮಾರ್ಚಿ ಕೊನೆಗೆ ಅವರು ಕಾಂಪೌಂಡು ಬಿಟ್ಟು ಮಿಲ್ಲಿನ ಹಿಂದೆ ಒಂದು ಕೋಣೆ ಹಿಡಿದರು. ಏಪ್ರಿಲ್ ಕೊನೆಯಲ್ಲಿ ಯಂತ್ರ ಕೆಟ್ಟು ಮಿಲ್ಲಿಗೆ ಎರಡು ದಿನ ಬೀಗ ಬಿತ್ತು. ಜಂಬಪ್ಪ ಎಮ್ಮಿಗನೂರಿನ ಬಸ್ಸು ಹತ್ತಿದ. ಕೋಟಿಲ್ಲ, ಪುಸ್ತಕದ ಚೀಲವಿಲ್ಲ, ತಲೆಗೂದಲಲ್ಲಿ ಇನ್ನೂ ಹತ್ತಿಯ ಧೂಳಿತ್ತು. ಹಟ್ಟಿಯಲ್ಲಿ ಗಂಗಕ್ಕ ಅವನನ್ನು ನೋಡಿ ಕಂಬಳಿ ಹಾಸಿದಳು. ಕೆಲಸ ಮುಗಿಸು ಎಂದು ಯಾರೂ ಹೇಳಲಿಲ್ಲ. ಮುಗಿಸಲು ಕೆಲಸವೇ ಇರಲಿಲ್ಲ. ನೇರವಾಗಿ ಊಟಕ್ಕೆ ಕೂತರು. ಮಳೆಯ ಬಗ್ಗೆ, ಉಣ್ಣೆಯ ಬಗ್ಗೆ, ಮಾರೆಪ್ಪನ ಹೊಸ ತಗಾದೆಯ ಬಗ್ಗೆ ಮಾತಾಯಿತು. ಜಂಬಪ್ಪ ಕೈತೊಳೆದು, ಹೊತ್ತಾಯಿತು, ಬಸ್ಸು ಸಿಗಬೇಕು ಎಂದು ಎದ್ದ.

"ಎಲ್ಲಿಗೆ ಹೊಂಟಿ?" ಎಂದ ಉಚ್ಚೀರಪ್ಪ. "ಕಥಿ ಹೇಳಲಿಲ್ಲ ನೀನು."

"ಈಗ ನನ್ನ ಯಾರೂ ಕಳಿಸಿಲ್ಲ, ಉಚ್ಚೀರಣ್ಣ."

"ಅದಕ್ಕ ಕೇಳಾಕತ್ತೀನಿ. ಇಷ್ಟು ದಿನ ಅದು ನಿನ್ನ ಕೆಲ್ಸ ಅಂತಿದ್ದೆ. ಈಗ ಹೇಳು. ಕಳೆದ ಆ ಒಂದು ಕುರಿ ಸಲುವಾಗಿ ಆ ಕುರುಬ ಯಾಕ ಹೋದ?"

ಜಂಬಪ್ಪ ಮತ್ತೆ ಕೂತ. ಗಂಗಕ್ಕ ನೀರು ಕೊಟ್ಟಳು. ಕುಡಿದು, ಚೆಂಬು ಕೆಳಗಿಟ್ಟು, ಕುರಿಯ ಕಥೆಯನ್ನು ಬಿಟ್ಟು ಹನ್ನೆರಡು ವರ್ಷದ ಹುಡುಗನೊಬ್ಬ ಜ್ವರದಲ್ಲಿ ಬಿದ್ದಿದ್ದ, ಬಂಧುಗಳೂ ಬಾಗಿಲಿಗೆ ಬಾರದ ಮನೆಯಿಂದ ಶುರುಮಾಡಿದ.