ಐದರಿಂದ ಆರರವರೆಗೆ

ಹೆಬ್ಬಾಳದ ಆ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕದ ರೋಗಿಗಳನ್ನು ನೋಡಲು ಬಿಡುತ್ತಿದ್ದದ್ದು ಸಂಜೆ ಐದರಿಂದ ಆರರವರೆಗೆ. ಒಬ್ಬ ರೋಗಿಗೆ ಎರಡು ಪಾಸು, ಒಮ್ಮೆಗೆ ಒಬ್ಬರೇ ಒಳಗೆ. ಮಕ್ಕಳಿಗೆ ಪ್ರವೇಶವಿಲ್ಲ. ಆರರ ನಂತರ ಪಕ್ಕದ ಸಣ್ಣ ಕೋಣೆಯಲ್ಲಿ ವೈದ್ಯರು ಮನೆಯವರ ಜೊತೆ ಮಾತಾಡುತ್ತಿದ್ದರು. ಇಷ್ಟು ನನಗೆ ಖಚಿತವಾಗಿ ನೆನಪಿದೆ, ಏಕೆಂದರೆ ಇದೆಲ್ಲ ಗೋಡೆಯ ಮೇಲೆ ಬರೆದಿತ್ತು. ಉಳಿದದ್ದರ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ.

ಒಳಗಿದ್ದವನು ನನ್ನ ಹೆಂಡತಿಯ ತಮ್ಮ. ಯಶವಂತಪುರದ ಆಚೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಮದುವೆಯಾಗಿರಲಿಲ್ಲ. ಪಾಳಿ ಮುಗಿಸಿ ಬರುವಾಗ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ತಾಯಿ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಸುದ್ದಿ ಬಂದ ದಿನವೇ ಧಾರವಾಡದಿಂದ ರೈಲು ಹತ್ತಿದೆವು. ಮಗಳಿಗೆ ಐದು ವರ್ಷ. ಮಗನಿಗೆ ವರ್ಷ ದಾಟಿತ್ತು, ಮೊಲೆಹಾಲು ಬಿಟ್ಟಿರಲಿಲ್ಲ. ಇಬ್ಬರನ್ನೂ ಕರೆದುಕೊಂಡೇ ಬಂದೆವು. ರೈಲಿನಲ್ಲಿ ಹೆಂಡತಿ ಆಡಿದ್ದು ಒಂದೇ ಮಾತು: "ಅವ ಕಣ್ಣ ತೆಗದಾಗ ನಾ ಎದುರಿಗಿರಬೇಕ್ರಿ."

ಮೊದಲ ಸಂಜೆ ಅವಳೊಬ್ಬಳೇ ಒಳಗೆ ಹೋದಳು. ನಾನು ಮಕ್ಕಳನ್ನು ಹಿಡಿದುಕೊಂಡು ವಾಹನ ನಿಲ್ಲಿಸುವ ಜಾಗದಲ್ಲಿ ಆಂಬ್ಯುಲೆನ್ಸ್ ತೋರಿಸುತ್ತ ಓಡಾಡಿದೆ. ಆರೂವರೆಗೆ ಹೊರಬಂದವಳ ಮುಖದಲ್ಲಿ ಏನೂ ಇರಲಿಲ್ಲ.

"ಡಾಕ್ಟರ್ ಏನಂದ್ರು?"

"ಬಾವು ಬಂದೈತಂತ. ಪ್ರೆಶರ್ ಅಂತ. ನನಗೇನೂ ತಿಳೀಲಿಲ್ರಿ. ನಾಳೆ ನೀವೂ ಬರ್ರಿ."

ಹಾಗಾಗಿ ಮಕ್ಕಳನ್ನು ಸಂಜೆ ಎರಡು ತಾಸು ನೋಡಿಕೊಳ್ಳುವವರು ಬೇಕಾದರು. ಯಲಹಂಕದಲ್ಲಿದ್ದ ಹಳೆಯ ಸಹಪಾಠಿಯೊಬ್ಬ ತನ್ನ ಮನೆಯಲ್ಲಿ ಬಿಟ್ಟು ಹೋಗಲು ಹೇಳಿದ. ಆದರೆ ಅಲ್ಲಿಗೆ ಹೋಗಿ ಹೆಬ್ಬಾಳಕ್ಕೆ ತಿರುಗಿ ಬರುವಷ್ಟರಲ್ಲಿ ಆರು ದಾಟುವುದು ಗ್ಯಾರಂಟಿ. ಫೋನಿನಲ್ಲಿ ಹುಡುಕಿ ಆಯಾಗಳನ್ನು ಕಳಿಸುವ ಒಂದು ಏಜೆನ್ಸಿಗೆ ಕರೆ ಮಾಡಿದೆ.

"ಸರ್, ನಮ್ದು ತಿಂಗಳ ಲೆಕ್ಕ. ಒಂದ್ ಸಂಜೆಗೆಲ್ಲ ಯಾರೂ ಬರಲ್ಲ."

"ಒಂದು ತಿಂಗಳು ಇಲ್ಲಿ ಇರೋದು ಬೇಡ ಅಂತ್ಲೇ ನಮ್ಮ ಪ್ರಾರ್ಥನೆ" ಅಂದೆ. ದೇವರನ್ನು ನಂಬದ ನಾನು ಆ ಪದ ಬಳಸಿದೆನೇ? ಬಳಸಿದೆ ಅನ್ನಿಸುತ್ತದೆ.

ನಾವು ಉಳಿದುಕೊಂಡಿದ್ದದ್ದು ಕೊಡಿಗೇಹಳ್ಳಿಯಲ್ಲಿ, ದಿನದ ಬಾಡಿಗೆಗೆ ಕೊಡುವ ಕೋಣೆಗಳ ಒಂದು ಕಟ್ಟಡದಲ್ಲಿ. ಅದರ ಒಡತಿ ಪಕ್ಕದಲ್ಲೇ ತನ್ನ ಹಳೆಯ ಹೆಂಚಿನ ಮನೆಯಲ್ಲಿದ್ದಳು. ಹೊಲವಿದ್ದ ಜಾಗದಲ್ಲೇ ಅವಳ ಮಗ ಮೂರಂತಸ್ತು ಎಬ್ಬಿಸಿದ್ದ. ಅವಳು ಮಾತ್ರ ಜಗುಲಿ ಬಿಟ್ಟು ಕದಲಿರಲಿಲ್ಲ. ನನ್ನ ಫೋನಿನ ಮಾತು ಅಷ್ಟೂ ಅವಳ ಕಿವಿಗೆ ಬಿದ್ದಿತ್ತು.

"ಅದ್ಕ್ಯಾಕಪ್ಪ ಪೋನು? ನಾನೇನ್ ಸತ್ತೋಗಿದ್ದೀನಾ? ಬುಟ್ಟು ಓಗಿ. ಈ ಕಟ್ಟಡದಾಗಿರೋರೆಲ್ಲ ಆಸ್ಪತ್ರೆಗ್ ಬಂದೋರೇ."

ಮರುದಿನ ನಾಲ್ಕೂಕಾಲಿಗೆ ಮಕ್ಕಳನ್ನು ಅವಳ ಜಗುಲಿಗೆ ದಾಟಿಸಿದೆವು. ಮುದುಕಿ ಮಗಳಿಗೆ ಆಗಲೇ ಮುದ್ದೆ ಬಡಿಸಿದ್ದಳು.

"ಅಗೀಬ್ಯಾಡ ಕಣೇ, ನುಂಗು."

"ನುಂಗಿದ್ರ ಹೊಟ್ಟ್ಯಾಗ ಗುಂಡ ಆಗತೈತಿ ಅಜ್ಜಿ!"

"ಏನೇ ಇದು, ಮಾತಾಡುದ್ರೆ ಜಗಳಕ್ ಬಂದಂಗೈತೆ!" ಎಂದು ಮುದುಕಿ ನಕ್ಕಳು. ಹೆಂಡತಿಯೂ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ ಎಂದು ನಾನು ಹೇಳಿದರೆ ಅವಳು ಒಪ್ಪುವುದಿಲ್ಲ. ತಾನು ನಗಲೇ ಇಲ್ಲ ಅನ್ನುತ್ತಾಳೆ.

ತೊಂದರೆ ಶುರುವಾದದ್ದು ನಾವು ತಿರುಗಿ ಬಂದಾಗ. ಗೇಟು ತೆಗೆಯುತ್ತಿದ್ದಂತೆ ಮಗ ತಾಯಿಯ ಕಡೆ ಎರಡೂ ಕೈ ಚಾಚಿದ. ಮುದುಕಿ ಅವನನ್ನು ಹಿಂದಕ್ಕೆಳೆದುಕೊಂಡಳು.

"ಅಲ್ಲೇ ನಿಂತ್ಕ! ಆಸ್ಪತ್ರೆ ಮೈಯಾಗೆ ಎಳೆ ಮಗೀನ ಮುಟ್ತಾರಾ? ಇತ್ಲಾಗೆ ಬಚ್ಚಲೈತೆ, ನೀರ್ ಕಾಯ್ಸಿವ್ನಿ. ತಲೆ ಮ್ಯಾಲಿಂದ ಉಯ್ಕೊಂಡ್ ಬಾ, ಆಮ್ಯಾಕೆ ಆಲು ಕೊಡೀವಂತೆ."

ಅಲ್ಲಿ ಎಷ್ಟು ಜನ ಸಾಯುತ್ತಿರುತ್ತಾರೆ, ಆ ಗಾಳಿ ಕೂಸಿಗೆ ಆಗುವುದಿಲ್ಲ ಎಂಬುದು ಅವಳ ನಂಬಿಕೆ. ನಾನು ವಾದ ಮಾಡಿದೆ ಎಂದು ನನ್ನ ನೆನಪು. ಕೈಗೆ ಸೋಪು ಹಾಕಿ ತೊಳೆದರೆ ಸಾಕು, ಗಾಳಿಗೀಳಿ ಏನಿಲ್ಲ ಎಂದೆ. ಹೆಂಡತಿಯ ಪ್ರಕಾರ ನಾನು ಅಂದದ್ದು "ಬಕೆಟ್ ಎಲ್ಲೈತಿ?" ಎಂದಷ್ಟೆ. ಇರಬಹುದು. ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದು ಮನಃಶಾಸ್ತ್ರ. ಮನುಷ್ಯ ನೆನಪನ್ನು ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಾನೆ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಕಟ್ಟುವಾಗ ನಾವು ನಮ್ಮನ್ನು ಸ್ವಲ್ಪ ಎತ್ತರವಾಗಿಯೇ ಕಟ್ಟಿಕೊಳ್ಳುತ್ತೇವೆ.

ಅವಳು ಮೀಯುವಷ್ಟು ಹೊತ್ತೂ ಮಗು ಬಚ್ಚಲಿನ ತಗಡಿನ ಬಾಗಿಲು ನೋಡುತ್ತ ಅತ್ತಿತು. ಒಳಗೆ ನೀರು ಸುರಿಯುವ ಸದ್ದು ನಿಂತಾಗಲೆಲ್ಲ ಅವಳೂ ಅಳುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಮಾರನೆಯ ಸಂಜೆಯೂ ಹೀಗೇ ಆಯಿತು. ಆದರೆ ಆ ಸಂಜೆ ವೈದ್ಯರು ಮೊದಲ ಬಾರಿಗೆ ಒಳ್ಳೆಯ ಮಾತು ಹೇಳಿದ್ದರು. ಬಾವು ಇಳಿಯುತ್ತಿದೆ, ನಿದ್ದೆಯ ಔಷಧಿ ಕಡಿಮೆ ಮಾಡುತ್ತಿದ್ದೇವೆ, ನಾಳೆ ನಾಡಿದ್ದರಲ್ಲಿ ಕಣ್ಣು ಬಿಡಬಹುದು. ಬರುತ್ತ ಆಟೋದಲ್ಲಿ ಅವಳು ನನ್ನ ಕೈ ಹಿಡಿದುಕೊಂಡಿದ್ದಳು.

ನಾಲ್ಕನೆಯ ಸಂಜೆ ಅವಳು ಸೀರೆಯ ಸೆರಗು ಪಿನ್ನು ಮಾಡುತ್ತಿದ್ದಂತೆಯೇ ಮಗನಿಗೆ ಅರ್ಥವಾಯಿತು. ಅಮ್ಮ ಹೋದರೆ, ಬಂದ ಮೇಲೂ ತನಗೆ ಸಿಗುವುದಿಲ್ಲ ಎಂದು ಎರಡು ದಿನದಲ್ಲಿ ಕಲಿತಿದ್ದ. ಅವಳ ಕೊರಳಿಗೆ ಕೈ ಹಾಕಿ ಬಿಗಿದುಕೊಂಡ. ಬಿಡಿಸಿದರೆ ಉಸಿರು ಕಟ್ಟುವಂತೆ ಚೀರಿದ. ತುಟಿ ನೀಲಿಗಟ್ಟಿತು.

"ಬುಟ್ಟು ಓಗವ್ವಾ" ಎಂದಳು ಮುದುಕಿ. "ಅತ್ತು ಅತ್ತು ಸುಮ್ಕಾಯ್ತದೆ. ನಾನಿಲ್ವಾ?"

ಹೆಂಡತಿ ನನ್ನ ಕಡೆ ತಿರುಗಿದಳು. "ನೀವ್ ಮುಂದ ಹೋಗ್ರಿ. ಇವನ್ನ ಮಲಗಿಸಿ ಆಟೋ ಹಿಡಿದು ಐದೂವರಿಗೆ ಬಂದಬಿಡ್ತೀನಿ. ಅವ ಒಬ್ಬನ ಇರಬಾರದು."

ನಾನು ಹೋದೆ. ಐದಕ್ಕೆ ಸರಿಯಾಗಿ ಒಳಗೆ ಬಿಟ್ಟರು. ಹಾಸಿಗೆಯ ಬಲಗಡೆ ನಿಂತೆ. ಅವನ ಬಾಯಿಯಲ್ಲಿ ನಳಿಕೆ, ತಲೆಗೆ ಪಟ್ಟಿ. ಬಗ್ಗಿ ಅವನ ಕಿವಿಯ ಹತ್ತಿರ "ಅಕ್ಕ ಬರಾಕತ್ತಾಳ, ದಾರ್ಯಾಗದಾಳ" ಎಂದೆ. ಆಗ ಅವನ ಎಡಗಣ್ಣು ತೆರೆಯಿತು. ಗುಡ್ಡೆ ನನ್ನ ಕಡೆ ಹೊರಳಿ ಸ್ವಲ್ಪ ಹೊತ್ತು ನಿಂತಿತು.

ಇದು ನನಗೆ ಈಗಲೂ ಕಾಣುತ್ತದೆ. ಆದರೆ ಕೆಲವು ಸಲ ಅದೇ ಚಿತ್ರದಲ್ಲಿ ರೆಪ್ಪೆಯ ಮೇಲೆ ಒಂದು ಹೆಬ್ಬೆರಳೂ ಇರುತ್ತದೆ. ಕೈಗವಸು ಹಾಕಿದ ಹೆಬ್ಬೆರಳು, ಮತ್ತು ಪುಟ್ಟ ಟಾರ್ಚಿನ ಬೆಳಕು. ನರ್ಸ್ ಆಗಾಗ ಬಂದು ರೆಪ್ಪೆ ಎತ್ತಿ ಬೆಳಕು ಬಿಟ್ಟು ನೋಡುತ್ತಿದ್ದಳು, ಅದನ್ನು ಹಿಂದಿನ ಸಂಜೆಗಳಲ್ಲೂ ಕಂಡಿದ್ದೆ. ಕಣ್ಣು ತಾನಾಗಿ ತೆರೆಯಿತೋ, ಅವಳು ತೆರೆದಳೋ? ಎರಡು ಸಂಜೆಗಳು ನನ್ನ ತಲೆಯಲ್ಲಿ ಒಂದಾಗಿಬಿಟ್ಟಿವೆಯೋ? ವೈದ್ಯರನ್ನು ಕೇಳಬೇಕಿತ್ತು. ಅವರು ಆ ದಿನ "ಇನ್ನೂ ಕಾಯೋಣ" ಎಂದದ್ದು ನೆನಪಿದೆ, ನಾನು ಕೇಳಿದ್ದು ನೆನಪಿಲ್ಲ.

ವೈದ್ಯರ ಕೋಣೆಯಿಂದ ಹೊರಬಂದಾಗ ಹೆಂಡತಿ ಘಟಕದ ಬಾಗಿಲಲ್ಲಿ ಕಾವಲುಗಾರನ ಎದುರು ಕೈಮುಗಿದು ನಿಂತಿದ್ದಳು. ಸರ್ವಿಸ್ ರಸ್ತೆಯಲ್ಲಿ ಆಟೋ ಸಿಕ್ಕಿಹಾಕಿಕೊಂಡು, ಇಳಿದು ಓಡಿ ಬಂದಿದ್ದಳು. ಆರು ದಾಟಿತ್ತು.

"ಒಂದ್ ನಿಮಿಷ ಅಣ್ಣಾ. ಬರೇ ನೋಡಿ ಬರ್ತೀನಿ."

"ಆಗಲ್ಲಮ್ಮ, ನನ್ ಕೆಲ್ಸ ಹೋಗುತ್ತೆ. ನಾಳೆ ಫಸ್ಟ್ ನಿಮ್ಮನ್ನೇ ಬಿಡ್ತೀನಿ, ಆಯ್ತಾ?"

ಅವಳು ನನ್ನನ್ನು ನೋಡಿ ಕೇಳಿದ್ದು ಒಂದೇ. "ಕಣ್ಣ ತೆಗದ್ನೇನು?"

"ತೆಗದ" ಎಂದೆ.

ಮರುದಿನ ಬೆಳಕು ಹರಿಯುವಾಗ ಆಸ್ಪತ್ರೆಯಿಂದ ಫೋನು ಬಂತು. ಮಿದುಳಿನಲ್ಲಿ ರಕ್ತಸ್ರಾವವಾಗಿ ಅವನು ಹೋಗಿಬಿಟ್ಟಿದ್ದ. ಆ ಇಡೀ ದಿನ ಮಕ್ಕಳು ಮುದುಕಿಯ ಬಳಿಯೇ ಇದ್ದರು. ಅವನ ಕಾರ್ಖಾನೆಯ ಗೆಳೆಯರ ಜೊತೆ ಚಿತಾಗಾರಕ್ಕೆ ಹೋಗಿ ಎಲ್ಲ ಮುಗಿಸಿ ಬಂದಾಗ ಮುದುಕಿ ಗೇಟಿನಲ್ಲಿ ನಿಲ್ಲಿ ಎಂದು ಹೇಳಲಿಲ್ಲ. ಮಗುವನ್ನು ಎತ್ತಿಕೊಂಡು ನಮ್ಮ ಕಡೆ ಬೆನ್ನು ಮಾಡಿ ನಿಂತಳು. ಹೆಂಡತಿ ತಾನಾಗಿಯೇ ಬಚ್ಚಲಿಗೆ ಹೋದಳು. ಬಹಳ ಹೊತ್ತು ನೀರು ಸುರಿದುಕೊಂಡಳು. ಹೊರಬಂದು ಕೈ ಚಾಚಿದಾಗ ಮಗ ಅವಳ ಕಡೆ ನೋಡಿ ಮುದುಕಿಯ ಭುಜದಲ್ಲಿ ಮುಖ ಹುದುಗಿಸಿದ.

ಈಗ ಆ ಮಗನಿಗೆ ಎಂಟು ವರ್ಷ. ಹೆಂಡತಿ ಮಕ್ಕಳಿಗೆ ತಮ್ಮನ ಕತೆ ಹೇಳುತ್ತಾಳೆ. ನಾನು ಆಡಿದ ಒಂದು ಮಾತು ಅವಳ ಬಾಯಲ್ಲಿ ಬೆಳೆದಿದೆ. ಅವಳ ಕತೆಯಲ್ಲಿ ತಮ್ಮ ಕಣ್ಣು ತೆರೆದು ನನ್ನನ್ನು ನೋಡುತ್ತಾನೆ, ಆಮೇಲೆ ನನ್ನ ಹಿಂದೆ, ಬಾಗಿಲ ಕಡೆ ನೋಡುತ್ತಾನೆ. ಅಕ್ಕನನ್ನು ಹುಡುಕುತ್ತಾನೆ. ಸಮಾಧಾನವಾಗಲಿ ಎಂದು ಜನ ಇಂಥದ್ದನ್ನು ಬೆಳೆಸಿಕೊಳ್ಳುತ್ತಾರೆ ಎಂದು ನಾನು ಓದಿದ್ದೆ. ಇದರಲ್ಲಿ ಅವಳಿಗೆ ಸಮಾಧಾನ ಎಲ್ಲಿದೆಯೋ ನನಗೆ ಕಂಡಿಲ್ಲ.

ಕಳೆದ ವಾರ ಮಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅಪ್ಪಾ, ನಾ ಅತ್ತಿದ್ದಕ್ಕ ಅವ್ವಗ ಹೋಗಾಕ ಆಗ್ಲಿಲ್ಲೇನು?"

ಅವನಿಗೆ ಏನೋ ಹೇಳಿ ಕಳಿಸಿದೆ. ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಹೆಂಡತಿಯ ಪಕ್ಕ ನಿಂತು ಹೆಬ್ಬೆರಳಿನ ವಿಷಯ ಹೇಳಿದೆ. ನರ್ಸ್ ರೆಪ್ಪೆ ಎತ್ತಿದ್ದಿರಬಹುದು, ಅವನು ಯಾರನ್ನೂ ನೋಡದೆ ಇದ್ದಿರಬಹುದು, ನೀನು ಅಲ್ಲಿದ್ದಿದ್ದರೂ ಅಷ್ಟೇ ಆಗುತ್ತಿತ್ತು ಎಂದೆ.

ಅವಳ ಕೈ ನಿಲ್ಲಲಿಲ್ಲ. "ಅವತ್ತ ಹಂಗ ಹೇಳ್ಲಿಲ್ಲ ನೀವು. ತೆಗದ ಅಂದ್ರಿ."

"ನನಗ ಈಗ ಖಾತ್ರಿ ಇಲ್ಲ."

"ನಿಮಗ ಯಾವುದರ ಖಾತ್ರಿ ಐತ್ರಿ?" ಎಂದಳು. ರೊಟ್ಟಿಯನ್ನು ಹಂಚಿಗೆ ಹಾಕಿ ಅದರ ಮೇಲೆ ನೀರು ಸವರಿದಳು. "ಅವ ನನ್ನ ಹುಡುಕ್ಯಾನ. ಅದನ್ನ ಸುಳ್ಳ ಮಾಡಬ್ಯಾಡ್ರಿ."