ನಿಂತಲ್ಲೇ ನಿಂತ ಮೆರವಣಿಗೆ

ಬೀಗದಕ್ಕ ಇಪ್ಪತ್ತೆರಡು ವರ್ಷ ಮೆರವಣಿಗೆಯ ಮುಂದೆ ಹಿಮ್ಮುಖವಾಗಿ ನಡೆದವಳು. ಹೋಗಬೇಕಾದ ದಿಕ್ಕಿಗೆ ಬೆನ್ನು, ಬರುತ್ತಿರುವ ಜನಕ್ಕೆ ಮುಖ, ಬಾಯಲ್ಲಿ ಸೀಟಿ. ಒಂದು ವರ್ಷ ಚರಂಡಿಗೆ ಬಿದ್ದಳು, ಇನ್ನೊಂದು ವರ್ಷ ನಿಂತಿದ್ದ ಹಾಲಿನ ವ್ಯಾನಿಗೆ ಡಿಕ್ಕಿ ಹೊಡೆದು ಚಾಲಕನಿಂದಲೇ ಬೈಸಿಕೊಂಡಳು. ಆದರೂ ಮುಖ ತಿರುಗಿಸಿ ನಡೆದವಳಲ್ಲ.

ಇದೇನು ಹುಚ್ಚು ಅನ್ನಬೇಡಿ, ಕಾರಣವಿತ್ತು. ಊರಿನ ಕಲಾ ಉತ್ಸವದ ಮೊದಲ ದಿನ ನಮ್ಮ ಬೀದಿಯವರ ಮೆರವಣಿಗೆ, ಬೀದಿಯಿಂದ ಉತ್ಸವದ ಮೈದಾನದವರೆಗೆ. ಅದರಲ್ಲಿ ಕಲಾವಿದ ಎನ್ನಿಸಿಕೊಂಡವನು ಒಬ್ಬನೂ ಇರಲಿಲ್ಲ. ಬೇಕರಿಯವನು ರದ್ದಿ ಕಾಗದದಲ್ಲಿ ಮಾಡಿದ ಆಳೆತ್ತರದ ಬ್ರೆಡ್ಡಿನೊಳಗೆ ತೂರಿಕೊಂಡು ಬರುತ್ತಿದ್ದ. ಲಾಂಡ್ರಿಯ ಹೆಂಗಸರು ಹಳೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊಲಿದು ಒಂದು ಉದ್ದದ ಹಾವು ಮಾಡಿ, ಅದರ ಹೊಟ್ಟೆಯೊಳಗೆ ಹೊಕ್ಕು ಹರಟೆ ಹೊಡೆಯುತ್ತ ಬರುತ್ತಿದ್ದರು. ಹೀಗೆ ಮುನ್ನೂರು ಜನ. ಕೊನೆಯಲ್ಲಿ, ಎಲ್ಲರಿಗಿಂತ ಹಿಂದೆ, ಬಿದಿರು ಕೋಲಿನ ತುದಿಗೆ ಕಟ್ಟಿದ ನೀಲಿ ಬಟ್ಟೆಯ ಮೀನು ಹಿಡಿದು ಕುಂಟುತ್ತ ಬರುತ್ತಿದ್ದವನು ಬೀಗದಕ್ಕನ ಅಣ್ಣ.

ಅಣ್ಣ ಬೋರ್ಡು ಬರೆಯುವವನು. ಬೀದಿಯ ಅರ್ಧ ಅಂಗಡಿಗಳ ಹೆಸರು ಅವನ ಕೈಯ ಅಕ್ಷರ. ಬ್ಯಾಂಕಿನ ಬೋರ್ಡು ಬರೆಯುವಾಗ ಏಣಿ ಜಾರಿ ಬಿದ್ದ. ಎಡಗಾಲಿಗೆ ಸರಳು ಹಾಕಿದರು. ಆಮೇಲೆ ಎರಡು ವರ್ಷ ಗೋಡೆ ನೋಡುತ್ತ ಕುರ್ಚಿಯಲ್ಲಿ ಕೂತ. ಮೆರವಣಿಗೆ ಶುರುವಾದ ಮೊದಲ ವರ್ಷ ಹೇಗೋ ಪುಸಲಾಯಿಸಿ ಅವನ ಕೈಗೆ ಮೀನು ಕೊಟ್ಟು ಹೊರಡಿಸಿದ್ದರು. ಜನ ತಮ್ಮ ಪಾಡಿಗೆ ನಡೆದುಬಿಟ್ಟರು. ಮೈದಾನ ತಲುಪಿ, ಚಹಾ ಕುಡಿದು, ಮನೆಗೆ ಹೊರಡುವ ಹೊತ್ತಿಗೆ ಇವನೊಬ್ಬನೇ ಮೀನು ಎತ್ತಿಕೊಂಡು ಗೇಟಿನೊಳಗೆ ಬಂದ. ಯಾರೋ ನಕ್ಕರು. ಆ ನಗು ಬೀಗದಕ್ಕನ ಎದೆಗೆ ನಾಟಿತು.

ಮರುವರ್ಷದಿಂದ ಅವಳದೇ ಕಾನೂನು. ಎಲ್ಲರಿಗಿಂತ ನಿಧಾನ ಯಾರೋ ಅವರ ನಡಿಗೆಯೇ ಮೆರವಣಿಗೆಯ ನಡಿಗೆ. ನೀಲಿ ಮೀನು ಕಣ್ಣಿಗೆ ಮರೆಯಾದರೆ ಒಂದು ಸೀಟಿ, ಮುನ್ನೂರು ಜನವೂ ನಿಲ್ಲಬೇಕು. ಮೀನು ಮತ್ತೆ ಕಂಡರೆ ಎರಡು ಸೀಟಿ. ಎರಡೂವರೆ ಕಿಲೋಮೀಟರಿಗೆ ಮೂರು ತಾಸು ಹಿಡಿಯುತ್ತಿತ್ತು. ಬಸ್ಸಿನವರು ಶಾಪ ಹಾಕುತ್ತಿದ್ದರು, ಬೀದಿಯವರಿಗೆ ಅದೇ ಖುಷಿ.

ಉತ್ಸವಕ್ಕೆ ಇನ್ನೊಂದು ತಿಂಗಳಿದೆ ಅನ್ನುವಾಗ ಅಣ್ಣನಿಗೆ ಜೀವ ಬರುತ್ತಿತ್ತು. ಪೊರಕೆ ಕೋಲನ್ನು ಭುಜಕ್ಕಿಟ್ಟುಕೊಂಡು ಬಾಗಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ, ದಿನಕ್ಕೆ ನಲವತ್ತು ಸುತ್ತು. ಉಳಿದ ಹನ್ನೊಂದು ತಿಂಗಳು ಹೊಸ್ತಿಲು ದಾಟಿದವನಲ್ಲ. ಮೆಟ್ಟಿಲ ಕೆಳಗಿನ ಗೂಡಿನಂಥ ಬೀಗದ ಅಂಗಡಿಯಲ್ಲಿ ಕೀಲಿಕೈ ಉಜ್ಜುತ್ತ ಕೂತ ಬೀಗದಕ್ಕನಿಗೆ, ಪಕ್ಕದ ಗೋಡೆಯಾಚೆ ಆ ಕೋಲು ಪಾತ್ರೆಗೆ ತಾಗಿದ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದ ಅರ ಹಗುರಾಗುತ್ತಿತ್ತು.

ಇಂಥ ಮೆರವಣಿಗೆಯನ್ನು ಕೊಂದದ್ದು ಒಂದು ಕಾಗದ. ಹೋದ ವರ್ಷ ಉತ್ಸವ ಮುಗಿದ ಮೇಲೆ ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿಯರು ಮನೆಮನೆಗೂ ಒಂದು ನಮೂನೆ ಹಂಚಿ ಹೋದರು. ನೆರಳು ಬೇಕೇ? ಕುರ್ಚಿ ಬೇಕೇ? ನಡೆಯುವ ದೂರ ಕಡಿಮೆಯಾಗಬೇಕೇ? ಬೇಡ ಅನ್ನುವುದಕ್ಕೆ ಯಾರಿಗೆ ತಲೆ ಕೆಟ್ಟಿದೆ? ಬೀದಿಗೆ ಬೀದಿಯೇ 'ಹೌದು' ಎಂದು ಗುರುತು ಹಾಕಿತು. ಬೀಗದಕ್ಕನೂ ಹಾಕಿದಳು. ಮೀನು ಆ ವರ್ಷ ಹನ್ನೊಂದು ಸಲ ಕಣ್ಮರೆಯಾಗಿತ್ತು. ಮೆರವಣಿಗೆಯನ್ನು ನಡುದಾರಿಯ ಲೈಬ್ರರಿ ಮೂಲೆಗೇ ಮುಗಿಸಿದರೆ ಅಣ್ಣನಿಗೆ ಅರ್ಧ ನಡಿಗೆ ತಪ್ಪುತ್ತದೆ ಎಂದುಕೊಂಡಳು. ಕೆಳಗೆ 'ಇತರೆ' ಎಂದಿದ್ದ ಗೆರೆಯ ಮೇಲೆ ಒಂದು ಸಾಲು ಬರೆದಳು. ಅಣ್ಣನನ್ನು ಒಂದು ಮಾತು ಕೇಳಲಿಲ್ಲ.

ಈ ವರ್ಷದ ಸಭೆಗೆ ಉತ್ಸವದ ಹೊಸ ನಿರ್ದೇಶಕ ಬಂದಿದ್ದ. ಕಾಲರಿಲ್ಲದ ಅಂಗಿ, ಹಾಗೆಯೇ ಹಿಡಿಯಲು ಸಿಗದ ನಯವಾದ ಮಾತು. "ಈ ವರ್ಷ ನಿಮ್ಮದೇ ಆಶಯದಂತೆ ಮೆರವಣಿಗೆಯನ್ನು ಸ್ಥಿರಗೊಳಿಸುತ್ತಿದ್ದೇವೆ" ಎಂದ.

"ಸ್ಥಿರ ಅಂದ್ರೆ?" ಎಂದಳು ಬೀಗದಕ್ಕ.

"ಅಂದ್ರೆ ಮೇಡಂ, ನೀವು ಯಾರೂ ನಡೆಯೋ ಹಾಗಿಲ್ಲ. ಮೈದಾನದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚೌಕ. ಚಪ್ಪರ ಇರುತ್ತೆ, ಕುರ್ಚಿ ಇರುತ್ತೆ. ಟಿಕೆಟ್ ತಗೊಂಡು ಬಂದವರು ನಿಮ್ಮ ಸುತ್ತ ನಡೀತಾರೆ."

"ನಡೆಯದೆ ಇದ್ರೆ ಅದು ಮೆರವಣಿಗೆ ಹೇಗಾಗುತ್ತೆ? ಅದು ಮ್ಯೂಸಿಯಂ."

"ನಿಲ್ಲಿಸ್ತಿಲ್ಲ ಮೇಡಂ, ಮೇಲ್ದರ್ಜೆಗೆ ಏರಿಸ್ತಿದ್ದೀವಿ. ನೂರಕ್ಕೆ ತೊಂಬತ್ತೇಳು ಜನ ನಡಿಗೆ ಕಡಿಮೆ ಮಾಡಿ ಅಂದಿದ್ದೀರಿ. ನಾವು ಪೂರ್ತಿ ತೆಗೆದಿದ್ದೀವಿ."

ಅವನು ಇದನ್ನು ನಗುನಗುತ್ತ ಹೇಳಿದ, ಉಪಕಾರ ಮಾಡಿದವನ ನಗು. ಬೀಗದಕ್ಕ ಯಾರಾದರೂ ಎದ್ದು ನಾಲ್ಕು ಮಾತು ಆಡುತ್ತಾರೆಂದು ಸುತ್ತ ನೋಡಿದಳು. ಲಾಂಡ್ರಿಯ ಹೆಂಗಸರು ತಮ್ಮ ಚೌಕ ಫ್ಯಾನಿನ ಹತ್ತಿರ ಬರುತ್ತದೆಯೇ ಎಂದು ನಕ್ಷೆಯಲ್ಲಿ ಹುಡುಕುತ್ತಿದ್ದರು. ಬೇಕರಿಯವನು ಅವಳತ್ತ ಬಾಗಿ, "ಬಿಸಿಲಿಲ್ಲ, ಕಾಲುನೋವಿಲ್ಲ, ಇದರಲ್ಲಿ ಕೆಟ್ಟದ್ದೇನಿದೆಯಕ್ಕ?" ಎಂದ. ಇಪ್ಪತ್ತೆರಡು ವರ್ಷ ಅವನ ಕಾಗದದ ಬ್ರೆಡ್ಡಿಗೆ ದಾರಿ ತೋರಿಸಿದವಳಿಗೆ ಅವನ ಮುಖ ನೋಡಲೂ ಅಸಹ್ಯವಾಯಿತು. ಎಲ್ಲಕ್ಕಿಂತ ಹೆಚ್ಚು ಅಸಹ್ಯವಾದದ್ದು ತನ್ನದೇ ಬಲಗೈ, ಆ ಗುರುತು ಹಾಕಿದ್ದು.

ಮನೆಗೆ ಬಂದರೆ ಅಣ್ಣ ಪೊರಕೆ ಕೋಲು ಹೊತ್ತು ಬೆವರುತ್ತಿದ್ದ. "ಪುಟ್ಟಿ, ಇವತ್ತು ಐವತ್ತು ಸುತ್ತು! ಈ ಸಲ ನೋಡು, ನಿನ್ನ ಸೀಟಿಗೆ ತುಕ್ಕು ಹಿಡಿಸ್ತೀನಿ."

ಐವತ್ತೈದು ದಾಟಿದವಳನ್ನು ಪುಟ್ಟಿ ಎನ್ನುವವನು ಈ ಭೂಮಿಯ ಮೇಲೆ ಅವನೊಬ್ಬನೇ. "ಈ ಸಲ ಮೈದಾನದಿಂದಲೇ ಶುರುವಂತೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುವಷ್ಟರಲ್ಲಿ ಆ ದಿನವೇ ಬಂತು.

ಮೈದಾನದ ಹಿಂಬಾಗಿಲಿಂದ ಒಳಗೆ ಬಿಟ್ಟರು. ನೆಲದ ಮೇಲೆ ಬಿಳಿ ಬಣ್ಣದ ಚೌಕಗಳು, ಒಂದೊಂದಕ್ಕೂ ನಂಬರು. ಅಣ್ಣನದು ಇನ್ನೂರ ತೊಂಬತ್ತೆಂಟು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟಿಗೆ ಪಾಲಿಶ್ ಹಾಕಿ ಬಂದಿದ್ದ. ಕುರ್ಚಿಯಲ್ಲಿ ಕೂರಲಿಲ್ಲ. "ಈಗ ಕೂತರೆ ಕಾಲು ಹಿಡ್ಕೊಳ್ಳುತ್ತೆ" ಎಂದು ಮೀನಿನ ಕೋಲು ಹಿಡಿದು ನಿಂತೇ ಇದ್ದ.

ಹತ್ತು ಗಂಟೆಗೆ ಟಿಕೆಟ್ಟಿನವರು ಬಂದರು. ಚೌಕದಿಂದ ಚೌಕಕ್ಕೆ ಸರಿಯುತ್ತ, ಫೋನು ಎತ್ತುತ್ತ, ತಿನ್ನುತ್ತ ಬಂದರು. ಬೇಕರಿಯವನು ಬ್ರೆಡ್ಡಿನೊಳಗೆ ಕುರ್ಚಿ ಎಳೆದುಕೊಂಡು ತೂಕಡಿಸುತ್ತಿದ್ದ. ಲಾಂಡ್ರಿಯ ಹಾವನ್ನು ಏಳು ಚೌಕಕ್ಕೆ ಹೊಂದುವಂತೆ ಮಡಚಿಟ್ಟಿದ್ದರು, ಇಸ್ತ್ರಿಗೆ ಬಂದ ಬಟ್ಟೆ ಮಡಚಿಟ್ಟ ಹಾಗೆ. ಒಬ್ಬ ಹೆಂಗಸು ಅಣ್ಣನ ಮುಂದೆ ನಿಂತು, "ಸ್ವಲ್ಪ ಅಲ್ಲಾಡ್ತೀರಾ? ವಿಡಿಯೋ" ಎಂದಳು. ಅಣ್ಣ ಪಾಪ, ಮೀನನ್ನು ಅಲ್ಲಾಡಿಸಿದ. ಥೂ, ಇದನ್ನು ನೋಡುವುದಕ್ಕಾ ಇವನನ್ನು ಕರೆದುಕೊಂಡು ಬಂದೆ ಎಂದು ಬೀಗದಕ್ಕ ಮುಖ ಆಚೆ ತಿರುಗಿಸಿದಳು.

"ಪುಟ್ಟಿ, ಇನ್ನೂ ಹೊರಡಲ್ವಾ?"

"ಹೊರಡೋಣ ಇರು."

ಹನ್ನೊಂದಕ್ಕೆ ಮತ್ತೆ ಕೇಳಿದ. ಹನ್ನೆರಡಕ್ಕೆ ಕೇಳಲಿಲ್ಲ, ಕೋಲಿನ ಬುಡವನ್ನು ನೆಲಕ್ಕೂರಿ ಅದಕ್ಕೆ ಒರಗಿದ. ಬೀಗದಕ್ಕನಿಗೆ ತಡೆಯಲಾಗಲಿಲ್ಲ. ಸೀಟಿ ಬಾಯಿಗಿಟ್ಟು ಎರಡು ಸಲ ಊದಿದಳು, ಗೇಟಿಗೆ ಬೆನ್ನು ಮಾಡಿ ಹಿಂದಕ್ಕೊಂದು ಹೆಜ್ಜೆ ಇಟ್ಟಳು. ಮೈದಾನವೆಲ್ಲ ತಿರುಗಿ ನೋಡಿತು. ಇಪ್ಪತ್ತೆರಡು ವರ್ಷ ಆ ಸದ್ದಿಗೆ ಹೆಜ್ಜೆ ಕಿತ್ತ ಮುನ್ನೂರು ಜನ ತಂತಮ್ಮ ಚೌಕದಲ್ಲಿ ನಿಂತು ತಂತಮ್ಮ ಚಪ್ಪಲಿ ನೋಡಿಕೊಂಡರು. ಹೊರಟವನು ಅಣ್ಣ ಒಬ್ಬನೇ.

ಅವನ ಮುಖ ಅರಳಿತ್ತು. ಮೆರವಣಿಗೆಯಲ್ಲಿ ಇಷ್ಟು ಹತ್ತಿರದಿಂದ ಅವನು ನಡೆಯುವುದನ್ನು ಬೀಗದಕ್ಕ ಹಿಂದೆಂದೂ ಕಂಡಿರಲಿಲ್ಲ. ಯಾವಾಗಲೂ ನಡುವೆ ಮುನ್ನೂರು ತಲೆಗಳು, ಮೇಲೆ ಒಂದು ಮೀನು ಅಷ್ಟೇ. ಸರಳು ಹಾಕಿದ ಕಾಲನ್ನು ಹೇಗೆ ಅಳೆದು ಇಡುತ್ತಾನೆ, ಎಷ್ಟು ಗಟ್ಟಿಯಾಗಿ ಊರುತ್ತಾನೆ ಎಂದು ಈಗ ಕಾಣುತ್ತಿತ್ತು.

ಗೇಟಿನ ಹತ್ತಿರ ಅವನು ನಿಂತುಬಿಟ್ಟ. ಅಲ್ಲಿ ಬಾಗಿಲಗಲದ ಒಂದು ಬೋರ್ಡಿತ್ತು. ಬೋರ್ಡು ಕಂಡರೆ ಓದದೆ ಮುಂದೆ ಹೋಗುವ ಜೀವವಲ್ಲ ಅದು. "ಅಕ್ಷರ ನೋಡು, ಮಿಷನ್ನಿಂದು. ಉಸಿರೇ ಇಲ್ಲ" ಎಂದು ಮೂಗು ಮುರಿದ. ಆಮೇಲೆ ನಿಧಾನವಾಗಿ ಓದಿದ. 'ನಿಮ್ಮ ಮಾತಿಗೆ ಕಿವಿಗೊಟ್ಟಿದ್ದೇವೆ' ಎಂದು ಮೇಲೆ. ಅದರ ಕೆಳಗೆ, 'ನಮ್ಮಣ್ಣನಿಗೆ ಅಷ್ಟು ದೂರ ನಡೆಯೋಕೆ ಆಗಲ್ಲ.' ಅದರ ಕೆಳಗೆ, ಬೀಗದ ಅಂಗಡಿಯ ಮಹಿಳೆ.

ಬೀದಿಯಲ್ಲಿ ಬೀಗದ ಅಂಗಡಿ ಇರುವುದು ಒಂದೇ.

"ಇದು ನೀನು ಬರೆದದ್ದಾ?"

"ಅಣ್ಣ, ನಾನು ಲೈಬ್ರರಿ ಮೂಲೆವರೆಗೆ ಅಂತ..."

"ಆಗಲ್ಲ ಅಂತ ನಿನಗೆ ಹೇಳಿದ್ದು ಯಾರು? ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವಾದ್ರೂ ದಾರೀಲಿ ಕೂತಿದ್ದೀನಾ?"

"ಇಲ್ಲ."

"ಅವರಿಗೆ ನಾನು ಯಾರೋ ಏನೋ. ನಿನಗೆ ಗೊತ್ತಿತ್ತಲ್ಲ."

ಅಷ್ಟು ಹೇಳಿ, ಚಿಕ್ಕಂದಿನಲ್ಲಿ ಅವಳು ಬಣ್ಣದ ಡಬ್ಬಿ ಚೆಲ್ಲಿದಾಗ ನೋಡುತ್ತಿದ್ದನಲ್ಲ, ಹಾಗೆ ಒಂದು ಸಲ ನೋಡಿದ. ಪುಟ್ಟಿ ಎನ್ನಲಿಲ್ಲ. ಅವಳನ್ನು ಬಳಸಿಕೊಂಡು ಗೇಟಿನ ಕಡೆ ನಡೆದ. ಕಾವಲಿನವನು ಅಡ್ಡ ಬಂದು, "ಪ್ರದರ್ಶನದವರು ಐದು ಗಂಟೆವರೆಗೆ ಜಾಗ ಬಿಡೋ ಹಾಗಿಲ್ಲ" ಎಂದ. ಅಣ್ಣ ಮೀನನ್ನು ಅವನ ತಲೆಯ ಮೇಲಿಂದ ದಾಟಿಸಿ, ಪಕ್ಕಕ್ಕೆ ಸರಿದು ಹೊರಟೇಹೋದ.

ಹೊರಗೆ ಬಸ್ಸುಗಳು, ಸ್ಕೂಟರುಗಳು, ದಾರಿ ಬಿಡಿ ಎನ್ನುವ ಹಾರ್ನು. ಅಣ್ಣ ಫುಟ್‌ಪಾತಿನ ಅಂಚು ಹಿಡಿದು ಮನೆಯ ದಿಕ್ಕಿಗೆ ನಡೆದ. ಬೀಗದಕ್ಕ ಹತ್ತು ಹೆಜ್ಜೆ ಹಿಂದೆ. ಒಂದು ಸಲ ಸೀಟಿ ಬಾಯಿಗಿಟ್ಟಳು. ಯಾರನ್ನು ನಿಲ್ಲಿಸಲಿ ಎಂದು ತೆಗೆದು ಮುಷ್ಟಿಯಲ್ಲಿ ಹಿಡಿದಳು. ಅವನನ್ನು ದಾಟಿ ಮುಂದೆ ಹೋಗಲು ಕಾಲಿತ್ತು, ಮುಖವಿರಲಿಲ್ಲ.

ಲೈಬ್ರರಿ ಮೂಲೆ ಬಂತು. ಅಲ್ಲಿ ಅವನು ನಿಂತ, ಅವಳೂ ನಿಂತಳು. ಕೋಲನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ಕಾಲನ್ನು ಒಮ್ಮೆ ಝಾಡಿಸಿ, ಅವನು ಉಳಿದರ್ಧ ದಾರಿ ಹಿಡಿದ. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿರುಗಿ ನೋಡಲಿಲ್ಲ.