ಕತ್ತಲಾದ ಮೇಲೆ ಕುಡಿದ ಚಹಾ

ನನ್ನ ಕಾಲೇಜಿನ ಗೆಳತಿಯ ಮದುವೆ ಬಾಲಿಯಲ್ಲಿ ನಡೆಯಿತು. ಹೊರಟವರಲ್ಲಿ ಮೊಟ್ಟೆ ಕೂಡ ತಿನ್ನದವರು ಇಬ್ಬರೇ: ಸಾಗರದ ನಾನು, ಮತ್ತು ವರನ ಸ್ನೇಹಿತ, ತೀರ್ಥಹಳ್ಳಿ ಕಡೆಯ ಮೇಳಿಗೆಯ ಜೈನರ ಹುಡುಗ. ಅದೊಂದೇ ಕಾರಣಕ್ಕೆ ಗೆಳತಿಯ ತಾಯಿ ನಮ್ಮನ್ನು ವಿಮಾನದಲ್ಲೂ ಪಕ್ಕಪಕ್ಕ ಕೂರಿಸಿದರು. ಉಳಿದಂತೆ ನಮಗೆ ಯಾವುದೂ ಹೊಂದುತ್ತಿರಲಿಲ್ಲ. ನಾನು ರಾತ್ರಿ ಹತ್ತಕ್ಕೆ ಉಣ್ಣುವವಳು. ಅವನು ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟುವವನಲ್ಲ. ಮೆಹಂದಿಯ ಸಂಜೆ, ಕೈ ಒಣಗುವ ಮುಂಚೆಯೇ ನನ್ನನ್ನು ಎಬ್ಬಿಸಿಕೊಂಡು ಅನ್ನ ಹುಡುಕಲು ಹೊರಟ. ಸೂರ್ಯನಿಗೆ ಸ್ವಲ್ಪ ತಡೆಯಲು ಹೇಳಿ ಎಂದು ರೇಗಿದೆ. ಹೇಳಿ ನೋಡಿದ್ದೇನೆ, ಕೇಳುವುದಿಲ್ಲ ಎಂದ, ನಗದೆ. ಆಮೇಲೆ ಮೆಹಂದಿ ಕೆಡದಂತೆ ಅವನೇ ಚಮಚದಲ್ಲಿ ತಿನ್ನಿಸಿದ. ಮದುವೆಯ ದಿನದ ಹೊತ್ತಿಗೆ ನಾನೇ ಆಕಾಶ ನೋಡಿ ಅವನನ್ನು ಊಟಕ್ಕೆ ಕರೆಯುತ್ತಿದ್ದೆ.

ಮರುದಿನ ಸಂಜೆ ಸಮುದ್ರ ಸುತ್ತಿ ಬಂದ ದೋಣಿಯಿಂದ ನಾನು ಮೊದಲು ಇಳಿದೆ. ತಿರುಗಿ ನೋಡುವಷ್ಟರಲ್ಲಿ ಅಲೆ ದೋಣಿಯನ್ನು ಮಗುಚಿತ್ತು. ಎಲ್ಲರ ತಲೆಗಳೂ ಮೇಲೆ ಬಂದವು, ಅವನದು ಬರಲಿಲ್ಲ. ಬಚ್ಚಲಲ್ಲಿ ಬಕೆಟ್ ತುಂಬುವಾಗ ಈಗಲೂ ಕಣ್ಣೆದುರು ಆ ನೀರು ಅವನ ಮೇಲೆ ಹಾಗೆಯೇ ಮುಚ್ಚಿಕೊಳ್ಳುತ್ತದೆ. ನಾನು ಕೂಗಿದೆನೋ ಇಲ್ಲವೋ, ನೆನಪಿಲ್ಲ. ದೋಣಿಯವನು ಮುಳುಗಿ, ಅಂಗಿ ಹಿಡಿದು ಎಳೆದು ತಂದ.

ದಡದಲ್ಲಿ ನಡುಗುತ್ತ ಕೂತಿದ್ದವನಿಗೆ ಯಾರೋ ಬಿಸಿ ಚಹಾ ತಂದರು. ಅವನು ಪಡುವಣದ ಕಡೆ ನೋಡಿ ತಲೆಯಾಡಿಸಿದ. ಬೆಳಕು ಹೋಗಿಯಾಗಿತ್ತು.

"ಕುಡೀರಿ ಮಾರಾಯ್ರೆ," ಅಂದೆ. "ನನ್ನ ಕೈಲಿ ಇನ್ನು ನೋಡಕ್ಕಾಗಲ್ಲ."

ಕುಡಿದ. ಪೂರ್ತಿ.

ಮಾರನೆಯ ದಿನ ಉಪವಾಸ ಮಾಡಿದ. ವಾಪಸು ಬರುವಾಗ ವಿಮಾನದಲ್ಲಿ ಸೀಟು ಬದಲಿಸಿಕೊಂಡ.

ಊರಿಗೆ ಬಂದ ಮೇಲೆ ನಾನೇ ಫೋನ್ ಮಾಡಿದೆ. ಇಬ್ಬರಿಗೂ ನಡುವೆ ಬೀಳುವ ಹೊಸನಗರದಲ್ಲಿ, ಬಸ್ ನಿಲ್ದಾಣದ ಹೋಟೆಲಿನಲ್ಲಿ ಭೇಟಿಯಾದೆವು. ನನ್ನ ಮೇಲೆ ಸಿಟ್ಟಾ ಎಂದು ಕೇಳಿದೆ.

"ಸಿಟ್ಟೆಂತದು. ಟೈಫಾಯ್ಡ್ ಬಂದಾಗ ಡಾಕ್ಟ್ರು ಹೇಳಿದ್ರೂ ಈ ನೇಮ ಬಿಟ್ಟಿರ್ಲಿಲ್ಲ. ನಿಮ್ಮ ಒಂದು ಮಾತಿಗೆ ಬಿಟ್ಟೆ. ನೀರಲ್ಲಿ ಆಗಿದ್ದಕ್ಕಿಂತ ಜಾಸ್ತಿ ಹೆದರಿಕೆ ಆಯ್ತು."

"ಇನ್ನು ಮುಂದೆ ಹೇಳಲ್ಲ ನಾನು."

"ನೀವು ಹೇಳೋದೇ ಬೇಡ. ನೀವಿದ್ರೆ ಸಾಕು, ಎಲ್ಲಾ ನಾನೇ ಬಿಡ್ತೀನಿ."

ಪ್ರೀತಿಯನ್ನು ಅವನು ಹೇಳಿದ್ದು ಅದೊಂದೇ ಸಲ, ಬೇಡ ಎನ್ನುವುದಕ್ಕೆ. ತೀರ್ಥಹಳ್ಳಿ ಬಸ್ಸು ಬಂತು. ಹೋದ.

ಸಾಗರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಸಪ್ಲೈಯರ್ ಬಂದು ಏನು ಬೇಕೆಂದ. ಹಸಿವಿರಲಿಲ್ಲ. ಕಿಟಕಿಯಾಚೆ ನೋಡಿದೆ, ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಇಡ್ಲಿ ಹೇಳಿದೆ.